ನಲವತ್ತು ದಾಟಿದ ಮೇಲೆ ಕೆಲಸ ಬದಲಿಸೋದಾ? ಮೊದಲು ಒಂದು ಮಳೆಗಾಲದ ಲೆಕ್ಕ ಹಾಕಿ

ಕೊಡಗಿನ ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು 15 ವರ್ಷ 8 ತಿಂಗಳು ರೈಟರ್ ಆಗಿದ್ದೆ, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವನು. ಬೆಳಿಗ್ಗೆ ಹಾಜರಿ, ಹಗಲೆಲ್ಲ ಇಳಿಜಾರಿನಲ್ಲಿ ಓಡಾಟ, ರಾತ್ರಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಕೂಲಿಯ ಪುಸ್ತಕ ಬರೆಯೋದು. 43ನೇ ವಯಸ್ಸಿನಲ್ಲಿ ಅದನ್ನು ಬಿಟ್ಟೆ. ಈಗ ತೋಟದ ಮೆಷಿನ್‌ಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿ ಇದೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ದುಡಿಮೆ ನನ್ನೊಬ್ಬನದೇ.

ಬಿಡಬೇಕು ಅಂತ ಮೊದಲು ಅನ್ನಿಸಿದ ದಿನದಿಂದ ನಿಜವಾಗಿ ಬಿಟ್ಟ ದಿನದವರೆಗೆ 19 ತಿಂಗಳು ಹಿಡಿಯಿತು. ಅಷ್ಟು ದಿನ ಯಾಕೆ ಬೇಕಾಯಿತು, ಆ ಸಮಯದಲ್ಲಿ ಏನೇನು ಮಾಡಿದೆವು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನೀವು ಶಾಲೆಯ ಟೀಚರ್ ಇರಬಹುದು, ರೆಸಾರ್ಟಿನ ಕೆಲಸದವರಿರಬಹುದು, ಬೆಂಗಳೂರಿನಿಂದ ಊರಿಗೆ ವಾಪಸ್ ಬರಬೇಕು ಅಂದುಕೊಂಡವರಿರಬಹುದು. ಕ್ರಮ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ.

ಮೊದಲ ಹೆಜ್ಜೆ: ಬೇಜಾರು ಯಾವುದರ ಮೇಲೆ?

ಒಂದು ನೋಟ್‌ಬುಕ್ ತಗೊಳ್ಳಿ. ಒಂದು ತಿಂಗಳು ಪ್ರತಿ ರಾತ್ರಿ ಎರಡು ಸಾಲು ಬರೆಯಿರಿ. ಇವತ್ತು ಯಾವುದು ಕಷ್ಟ ಆಯಿತು, ಯಾವುದು ಸಲೀಸಾಗಿ ಆಯಿತು, ಅಷ್ಟೇ ಸಾಕು.

ನನಗೆ ತೋಟದ ಕೆಲಸವೇ ಸಾಕಾಗಿದೆ ಅಂತ ನಾನು ಅಂದುಕೊಂಡಿದ್ದೆ. ತಿಂಗಳ ಕೊನೆಯಲ್ಲಿ ಓದಿ ನೋಡಿದರೆ 30ರಲ್ಲಿ 18 ದಿನ ಮೊಣಕಾಲಿನ ಮಾತೇ ಇತ್ತು. ಇನ್ನೊಂದಷ್ಟು ದಿನ, ಆಳುಗಳಿಗೂ ಸಾಹುಕಾರರಿಗೂ ನಡುವೆ ನಿಂತು ಎರಡೂ ಕಡೆಯ ಮಾತು ಕೇಳೋದು. ಖುಷಿಯಾದ ದಿನಗಳೆಲ್ಲ ಸ್ಪ್ರೇಯರ್ ಸರಿ ಮಾಡಿದ್ದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಬಿಚ್ಚಿ ಜೋಡಿಸಿದ್ದು, ಇಂಥವೇ. ಅಂದರೆ ತೋಟ ಬಿಟ್ಟು ದೂರ ಹೋಗಬೇಕಾಗಿರಲಿಲ್ಲ. ಇಳಿಜಾರು ಬಿಟ್ಟರೆ ಸಾಕಿತ್ತು.

ನಿಮ್ಮ ನೋಟ್‌ಬುಕ್‌ನಲ್ಲಿ ಒಬ್ಬ ಮೇಲಧಿಕಾರಿಯ ಹೆಸರೇ ಜಾಸ್ತಿ ಬಂದರೆ ವೃತ್ತಿ ಬದಲಿಸಬೇಡಿ, ಜಾಗ ಬದಲಿಸಿ. ಅದು ಸುಲಭ, ಖರ್ಚೂ ಕಡಿಮೆ.

ಎರಡನೇ ಹೆಜ್ಜೆ: ಕೆಲಸದ ಜತೆಗೆ ಹೋಗುವುದನ್ನೆಲ್ಲ ಬರೆದುಕೊಳ್ಳಿ

ನಾನು ಎಡವಿದ್ದು ಇಲ್ಲಿ. ನನಗೆ ಕೈಗೆ ಸಿಗುತ್ತಿದ್ದುದು 32,000 ರೂಪಾಯಿ. ಹೊಸ ಕೆಲಸದಲ್ಲಿ ಅಷ್ಟು ಬಂದರೆ ಸಾಕು ಅಂತ ಮೊದಲು ಲೆಕ್ಕ ಹಾಕಿದ್ದೆ. ಅದು ತಪ್ಪು ಲೆಕ್ಕ. ನಾವಿದ್ದದ್ದು ತೋಟದ ಕ್ವಾರ್ಟರ್ಸ್‌ನಲ್ಲಿ. ಕೆಲಸ ಬಿಟ್ಟ ದಿನ ಮನೆಯೂ ಹೋಗುತ್ತದೆ. ಸೌದೆ ಹೋಗುತ್ತದೆ. ಬೋನಸ್ ಹೋಗುತ್ತದೆ. ರೆಸಾರ್ಟಿನವರಿಗಾದರೆ ಎರಡು ಹೊತ್ತಿನ ಊಟ ಹೋಗುತ್ತದೆ. ಖಾಸಗಿ ಶಾಲೆಯ ಟೀಚರಿಗೆ ಸ್ವಂತ ಮಕ್ಕಳ ಫೀಸಿನ ರಿಯಾಯಿತಿ ಹೋಗುತ್ತದೆ.

ನಮ್ಮ ಮನೆಯ ಲೆಕ್ಕ ಹೀಗಿತ್ತು. ದಿನಸಿ, ಹಾಲು, ಗ್ಯಾಸ್ 11,000. ಮಕ್ಕಳ ಬಸ್ಸು, ಟ್ಯೂಷನ್ 4,500. ಅಮ್ಮನ ಮಾತ್ರೆ 2,200. ಕರೆಂಟು, ಫೋನು 1,600. ಬೈಕಿನ ಪೆಟ್ರೋಲ್ 2,500. ಚೀಟಿ 3,000. ಎಲ್‌ಐಸಿ 1,700. ಚಿಲ್ಲರೆ ಖರ್ಚು 2,500. ಒಟ್ಟು 29,000. ಇದಕ್ಕೆ ಬಾಡಿಗೆ 7,000 ಸೇರಿಸಿದೆ. ಆರೋಗ್ಯ ವಿಮೆಯ ಕಂತನ್ನು ತಿಂಗಳಿಗೆ ಹಂಚಿದರೆ 2,000. ಅಲ್ಲಿಗೆ 38,000 ಆಯಿತು. 32,000 ಸಂಬಳ ಬಿಡುವವನಿಗೆ 38,000 ದುಡಿಮೆ ಬೇಕು. ಅದೂ ಅಂಗಡಿ ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯಬೇಕು.

ಪಿಎಫ್, ಗ್ರಾಚುಯಿಟಿ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಿ. ಗ್ರಾಚುಯಿಟಿ ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು. 5 ವರ್ಷ ಸತತವಾಗಿ ಕೆಲಸ ಮಾಡಿದವರಿಗೆ ಅದು ಹಕ್ಕು. ಕಾಫಿ ತೋಟಗಳಿಗೂ ಇದು ಅನ್ವಯಿಸುತ್ತದೆ. ಲೆಕ್ಕ ಸುಲಭ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ, 26ರಿಂದ ಭಾಗಿಸಿ. ಕೊನೆಯ ವರ್ಷದಲ್ಲಿ 6 ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಅದನ್ನು ಪೂರ್ತಿ ವರ್ಷ ಅಂತಲೇ ಹಿಡಿಯುತ್ತಾರೆ. ನನ್ನ 15 ವರ್ಷ 8 ತಿಂಗಳು 16 ಆಯಿತು. ಮೂಲ ವೇತನ 20,000. ಬಂದದ್ದು 1,84,615 ರೂಪಾಯಿ. ಎರಡು ತಿಂಗಳು ಮೊದಲು ಬಿಟ್ಟಿದ್ದರೂ ಲೆಕ್ಕ 16ಕ್ಕೆ ಬರುತ್ತಿರಲಿಲ್ಲ. ಹಾಗಾಗಿ ತಾರೀಖು ನೋಡಿ ಬಿಡಿ.

ಪಿಎಫ್‌ನ ಪಿಂಚಣಿ ಭಾಗಕ್ಕೆ 10 ವರ್ಷದ ಸೇವೆ ಬೇಕು. ಅಷ್ಟಾಗಿದ್ದರೆ 58 ತುಂಬಿದ ಮೇಲೆ ತಿಂಗಳ ಪಿಂಚಣಿ ಸಿಗುತ್ತದೆ. 9 ವರ್ಷ ಚಿಲ್ಲರೆ ಆಗಿರುವವರು ದಯವಿಟ್ಟು ಒಂದು ವರ್ಷ ತಡೆಯಿರಿ. ಪಿಎಫ್ ದುಡ್ಡನ್ನು ಹೊಸ ಕೆಲಸಕ್ಕೆ ಹಾಕಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 45ರಲ್ಲಿ ಖಾಲಿ ಮಾಡಿದ ಪಿಎಫನ್ನು ಮತ್ತೆ ತುಂಬಿಸಲು ಆಗಲ್ಲ.

ಆರೋಗ್ಯ ವಿಮೆಯನ್ನು ಕೆಲಸದಲ್ಲಿರುವಾಗಲೇ ಸ್ವಂತ ಹೆಸರಿನಲ್ಲಿ ಮಾಡಿಸಿ. ಕಂಪನಿಯ ಗುಂಪು ವಿಮೆ ಕೆಲಸದ ಜತೆ ಮುಗಿದು ಹೋಗುತ್ತದೆ. ಹೊಸ ಪಾಲಿಸಿಯಲ್ಲಿ, ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಸಕ್ಕರೆ, ಬಿಪಿ ಇರುವ ನಲವತ್ತರ ಮೇಲಿನವರಿಗೆ ಇದು ದೊಡ್ಡ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಟರ್ಮ್ ಇನ್ಶೂರೆನ್ಸ್ ಕೂಡ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಆಗಬೇಕು.

ಮೂರನೇ ಹೆಜ್ಜೆ: ಮಳೆಗಾಲದ ದುಡ್ಡು

ಆರು ತಿಂಗಳ ಖರ್ಚು ಕೂಡಿಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಕೊಡಗಿನಲ್ಲಿ ಯಾವ ಆರು ತಿಂಗಳು ಅನ್ನೋದು ಮುಖ್ಯ. ಇಲ್ಲಿ ದುಡ್ಡು ಓಡಾಡುವುದು ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಜನವರಿಯಿಂದ ಏಪ್ರಿಲ್‌ವರೆಗೆ. ಜೂನ್ ಬಂತು ಅಂದರೆ ಎಲ್ಲರ ಕೈಯೂ ಬಿಗಿ. ಅದೇ ಜೂನ್‌ನಲ್ಲಿ ಶಾಲೆ ಶುರು. ಮಳೆ ಜೋರಾದರೆ ಪ್ರವಾಸಿಗರೂ ಇಲ್ಲ, ಕರೆಂಟೂ ಇಲ್ಲ.

ಹಾಗಾಗಿ ಜೂನ್‌ನಿಂದ ಅಕ್ಟೋಬರ್ ತನಕ ಐದು ತಿಂಗಳು ಒಂದು ರೂಪಾಯಿ ಬರದಿದ್ದರೂ ಮನೆ ನಡೆಯಬೇಕು ಅಂತ ಹಿಡಿದೆವು. ತಿಂಗಳಿಗೆ 38,000ದಂತೆ 1,90,000. ಇಬ್ಬರ ಫೀಸು 46,000. ಪುಸ್ತಕ, ಯೂನಿಫಾರ್ಮ್, ಶೂ, ಕೊಡೆ, ರೇನ್‌ಕೋಟಿಗೆ 8,000. ಮಳೆಗೆ ಮೊದಲು ಮನೆಗೆ ಹೊದಿಸುವ ಶೀಟು, ಸೌದೆ ಅಂತ 6,000. ಎಲ್ಲ ಸೇರಿ 2,50,000. ಇದಕ್ಕೆ ನಮ್ಮ ಮನೆಯಲ್ಲಿ 'ಮಳೆಗಾಲದ ದುಡ್ಡು' ಅಂತಲೇ ಹೆಸರಾಯಿತು. ಬೇರೆ ಬ್ಯಾಂಕ್‌ನಲ್ಲಿ, ಹೆಂಡತಿಯ ಹೆಸರಲ್ಲಿ ಇಟ್ಟೆವು. ಇದನ್ನು ಅಂಗಡಿಗೆ ಮುಟ್ಟಬಾರದು ಅಂತ ಮೊದಲೇ ಮಾತಾಗಿತ್ತು.

ಕೂಡಿಡಲು 14 ತಿಂಗಳು ಹಿಡಿಯಿತು. ಎತ್ತಿದ ಚೀಟಿ, ಒಂದು ಬೋನಸ್, ಮಾರಿದ ಹಳೆ ಬೈಕು, ಉಳಿದದ್ದು ತಿಂಗಳ ಉಳಿತಾಯ.

ಲೆಕ್ಕ ಹಾಕುವಾಗ ಕೆಟ್ಟ ವರ್ಷವನ್ನೇ ಇಟ್ಟುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. 2019ರಲ್ಲಿ ಮತ್ತೆ ನೆರೆ. 2020ರಲ್ಲಿ ಲಾಕ್‌ಡೌನ್. 2017ರ ಸೀಸನ್ ನೋಡಿಕೊಂಡು ಸಾಲ ಮಾಡಿ ಹೋಂಸ್ಟೇ ಕಟ್ಟಿಸಿದವರು ಸಾಲುಸಾಲಾಗಿ ಮೂರು ಪೆಟ್ಟು ತಿಂದರು. ಕಾಫಿಯೂ ಹಾಗೇ. 2024ರಲ್ಲಿ ರೋಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಬೆಲೆಯನ್ನೇ ನಂಬಿ ಕೆಲಸ ಬಿಡುವವರಿಗೆ ನಾನು ಹೇಳುವುದು ಇಷ್ಟೇ: ಅದರ ಅರ್ಧ ಬೆಲೆಗೆ ಲೆಕ್ಕ ಹಾಕಿ, ಆಗಲೂ ಮನೆ ನಡೆಯುತ್ತದಾ ನೋಡಿ.

ನಾಲ್ಕನೇ ಹೆಜ್ಜೆ: ಮನೆಯವರ ಜತೆ ಮಾತು

ಒಂದೇ ಸಲ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಇದು. ನಮ್ಮಲ್ಲಿ ನಾಲ್ಕು ಸಲ ಮಾತಾಯಿತು. ಮೊದಲ ಸಲ ನಾನು ನನ್ನ ಆಸೆಯನ್ನು ಹೇಳಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಮಳೆಗಾಲದಲ್ಲಿ ನಿಮ್ಮ ಹತ್ರ ಯಾರು ಬರ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯಿಂದಲೇ ಮುಂದಿನ ಒಂದು ವರ್ಷದ ಪರೀಕ್ಷೆ ಶುರುವಾಯಿತು.

ಅಮ್ಮ ಕೇಳಿದ್ದು ಬೇರೆ. "ಕ್ವಾರ್ಟರ್ಸ್ ಬಿಟ್ರೆ ನನ್ನ ದನ ಎಲ್ಲಿ ಕಟ್ಟೋದು ಮಗಾ?" ನಾನು ಅದನ್ನು ಯೋಚನೆ ಮಾಡಿಯೇ ಇರಲಿಲ್ಲ. ಹಿತ್ತಲು ಇರುವ ಬಾಡಿಗೆ ಮನೆ ಹುಡುಕಲು ಮೂರು ತಿಂಗಳು ಜಾಸ್ತಿ ಬೇಕಾಯಿತು. ಹುಡುಕಿದೆವು. ಮನೆಯ ಹಿರಿಯರು ಕೇಳುವ ಇಂಥ ಪ್ರಶ್ನೆಯನ್ನು ಸಣ್ಣದು ಅಂತ ಬಿಡಬೇಡಿ. ಅವರ ದಿನ ಹೇಗಿರುತ್ತದೆ ಅನ್ನೋದೂ ಈ ತೀರ್ಮಾನದ ಒಳಗೇ ಇದೆ.

ಮಕ್ಕಳಿಗೆ ಎಂಟನೇ ಕ್ಲಾಸು ದಾಟಿದ್ದರೆ ನಿಜವನ್ನೇ ಹೇಳಿ. ಎರಡು ವರ್ಷ ಶಾಲೆ ಬದಲಿಸಲ್ಲ, ಟೂರು ಇರಲ್ಲ ಅಂತ ನಾವು ಹೇಳಿದೆವು. ಮಗಳು ಎಸ್‌ಎಸ್‌ಎಲ್‌ಸಿಯಲ್ಲಿದ್ದ ವರ್ಷ ಏನನ್ನೂ ಬದಲಿಸಲಿಲ್ಲ.

ನೆಂಟರಿಷ್ಟರ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದ ಮನೆಯವರ ಜತೆ ಹೋಲಿಕೆಯೂ ಬೇಡ. ನಮ್ಮ ಜಿಲ್ಲೆಯಲ್ಲಿ ಸೇನೆಯಿಂದ ನಲವತ್ತರ ಹೊತ್ತಿಗೆ ನಿವೃತ್ತರಾಗಿ ಹೊಸ ಕೆಲಸ ಶುರು ಮಾಡುವವರು ತುಂಬಾ ಇದ್ದಾರೆ. ಅವರಿಗೆ ತಿಂಗಳ ಪಿಂಚಣಿ ಇದೆ, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಇದೆ. ಅವರ ಧೈರ್ಯದ ಕೆಳಗೆ ನೆಲ ಇದೆ. ನಮ್ಮ ನೆಲವನ್ನು ನಾವೇ ಹಾಕಿಕೊಳ್ಳಬೇಕು.

ಐದನೇ ಹೆಜ್ಜೆ: ಬಿಡುವ ಮೊದಲು ಒಂದು ಪೂರ್ತಿ ವರ್ಷ ಮಾಡಿ ನೋಡಿ

ಉಳಿದ ಯಾವ ಹೆಜ್ಜೆ ತಪ್ಪಿದರೂ ಇದನ್ನು ಮಾತ್ರ ತಪ್ಪಿಸಬೇಡಿ. ಮೂರು ತಿಂಗಳ ಪರೀಕ್ಷೆ ಸಾಲದು. ಕೊಡಗಿನಲ್ಲಿ ಪ್ರತಿ ತಿಂಗಳಿಗೂ ಬೇರೆ ಮುಖ ಇರುತ್ತದೆ, ಅಲ್ವಾ? ಕಾಫಿ ಹೂ ಅರಳಿಸುವ ಹೂ ಮಳೆಯ ಮಾರ್ಚ್ ಬೇರೆ, ಜುಲೈ ಬೇರೆ, ಕೊಯ್ಲಿನ ಜನವರಿ ಬೇರೆ.

ನಾನು ಸಾಹುಕಾರರಿಗೆ ಮೊದಲೇ ಹೇಳಿದೆ. ಭಾನುವಾರ ಹೊರಗಿನ ಮೆಷಿನ್ ರಿಪೇರಿ ಮಾಡುತ್ತೇನೆ, ತೋಟದ ಹೊತ್ತಿನಲ್ಲಿ ಮುಟ್ಟುವುದಿಲ್ಲ ಅಂದೆ. ಅವರು ಒಪ್ಪಿದರು. ಕದ್ದು ಮಾಡಬೇಡಿ. ಊರು ಸಣ್ಣದು. ಮೇಲಾಗಿ ನಾಳೆ ಅವರೇ ನಿಮ್ಮ ಗಿರಾಕಿ ಆಗಬಹುದು. ನನಗೆ ಹಾಗೇ ಆಯಿತು.

ವರ್ಷದ ಪುಸ್ತಕ ಹೇಳಿದ್ದು ಇದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ತಡವಾದಾಗ ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗಳು ಬಂದವು. ಮೇ, ಜೂನ್‌ನಲ್ಲಿ ಗಿಡಗಳ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಸ್ಪ್ರೇಯರ್‌ಗಳು. ಜುಲೈನಲ್ಲಿ ಗಾಳಿಮಳೆಗೆ ಸಿಲ್ವರ್ ಓಕ್ ಮರಗಳು ರಸ್ತೆಗೆ ಬಿದ್ದಾಗ ಮರ ಕುಯ್ಯುವ ಮೆಷಿನ್‌ಗಳು ಒಂದೇ ಸಮ ಬಂದವು. ಆ ತಿಂಗಳು ನಾಲ್ಕು ಭಾನುವಾರಕ್ಕೆ 31 ಮೆಷಿನ್. ಮಳೆ ನಿಂತ ಮೇಲೆ ಕಾಡು ಹೊಡೆಯುವ, ಅಂದರೆ ಕಳೆ ಕತ್ತರಿಸುವ ಹೊತ್ತಿಗೆ ವೀಡ್ ಕಟ್ಟರ್. ಹಳೆ ಪೆಟ್ರೋಲ್ ಒಳಗೇ ಬಿಟ್ಟು ಕಾರ್ಬುರೇಟರ್ ಕಟ್ಟಿಕೊಂಡದ್ದೇ ಜಾಸ್ತಿ. ಖಾಲಿ ಕೂತದ್ದು ಡಿಸೆಂಬರ್, ಜನವರಿಯಲ್ಲಿ. ಎಲ್ಲರೂ ಕೊಯ್ಲಿನಲ್ಲಿ ಮುಳುಗಿದ್ದರು. ಪಲ್ಪರ್ ಬಿಟ್ಟು ಬೇರೆ ಏನೂ ಬರಲಿಲ್ಲ.

ಹೆಂಡತಿಯ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಪುಸ್ತಕ ಹಿಡಿದು ಹೋದೆ. ಅವಳು ಇನ್ನೊಂದು ಕಾಲಮ್ ಹಾಕಿಸಿದಳು. ಕೆಲಸ ಬಂದ ತಿಂಗಳು ಒಂದು ಕಡೆ, ದುಡ್ಡು ಬಂದ ತಿಂಗಳು ಇನ್ನೊಂದು ಕಡೆ. ಆಗ ಕಣ್ಣು ತೆರೆಯಿತು. ಜುಲೈನ 31 ಮೆಷಿನ್‌ಗಳಲ್ಲಿ ಆ ತಿಂಗಳೇ ದುಡ್ಡು ಬಂದದ್ದು 12ಕ್ಕೆ. ಉಳಿದವರು "ಕಾಫಿ ಮಾರಿದ ಮೇಲೆ ಕೊಡ್ತೀನಿ" ಅಂದಿದ್ದರು. ಕೊಟ್ಟರು ಕೂಡ, ಫೆಬ್ರವರಿ ಕಳೆದ ಮೇಲೆ. ಮಳೆಗಾಲದಲ್ಲಿ ಕೆಲಸ ಇದೆ, ಕಾಸಿಲ್ಲ. ಮಳೆಗಾಲದ ದುಡ್ಡು ಯಾಕೆ ಬೇಕು ಅನ್ನೋದು ಆವತ್ತು ಪೂರ್ತಿ ಅರ್ಥವಾಯಿತು. ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಬಿಡಿಭಾಗದ ದುಡ್ಡು ಮೊದಲೇ ಕೊಡಬೇಕು. ಕೈಕೆಲಸದ ಕೂಲಿ ಮಾತ್ರ ಸಾಲ ಬರೆಯುತ್ತೇನೆ.

ನಿಮ್ಮ ಕೆಲಸ ಯಾವುದೇ ಇರಲಿ, ಈ ಎರಡು ಕಾಲಮ್ ಹಾಕಿ. ಟ್ಯೂಷನ್ ಮಾಡುವವರಿಗೆ ಏಪ್ರಿಲ್, ಮೇ ಖಾಲಿ. ಮನೆಯಲ್ಲಿ ಚಾಕೊಲೇಟ್, ಉಪ್ಪಿನಕಾಯಿ, ವೈನ್ ಅಂತ ಮಾಡಿ ಮಾರುವವರಿಗೆ ಅಕ್ಟೋಬರ್‌ನಿಂದ ಮೇ ತನಕ ಸೀಸನ್, ಅಂಗಡಿಗಳು ದುಡ್ಡು ಕೊಡುವುದು ತಡವಾಗಿ. ಆಹಾರ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ವೈನ್‌ಗೆ ಅಬಕಾರಿ ಲೈಸೆನ್ಸ್ ಬೇಕು. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಕಳಿಸಬೇಕು. ಹೋಂಸ್ಟೇ ಬಗ್ಗೆ ಯೋಚಿಸುವವರು ಕಟ್ಟಡ ಕಟ್ಟುವ ಮೊದಲು ಬೇರೆಯವರ ಹೋಂಸ್ಟೇಯಲ್ಲಿ ಒಂದು ಮಳೆಗಾಲ ಕೆಲಸ ಮಾಡಿ ನೋಡಿ.

ಬೆಂಗಳೂರಿನಿಂದ ಮನೆಯ ತೋಟಕ್ಕೆ ವಾಪಸ್ ಬರುವವರಿಗೆ ಈ ಪರೀಕ್ಷೆ ಕಷ್ಟ, ಆದರೂ ದಾರಿ ಇದೆ. ವರ್ಷದ ರಜೆಯನ್ನೆಲ್ಲ ಒಟ್ಟು ಮಾಡಿ ಜುಲೈನಲ್ಲಿ ಹತ್ತು ದಿನ, ಜನವರಿಯಲ್ಲಿ ಹತ್ತು ದಿನ ಬನ್ನಿ. ದಸರಾ ರಜೆಯಲ್ಲಿ ಕಂಡ ತೋಟವನ್ನು ನಂಬಬೇಡಿ. ಹೊಸ ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು, ಕರಿಮೆಣಸಿನ ಬಳ್ಳಿಗೂ ಹೆಚ್ಚುಕಡಿಮೆ ಅಷ್ಟೇ. ಸಂಬಳ ಪ್ರತಿ ತಿಂಗಳು ಬರುತ್ತಿತ್ತು, ಇಲ್ಲಿ ವರ್ಷಕ್ಕೆ ಒಂದೇ ಸಲ.

ಆರನೇ ಹೆಜ್ಜೆ: ಕಲಿಯುವುದು

ಇಷ್ಟು ವರ್ಷದ ಅನುಭವ ಇದೆ, ಕಲಿಯೋದು ಏನಿದೆ ಅಂದುಕೊಳ್ಳಬೇಡಿ. ನನಗೆ ಎರಡು ಸ್ಟ್ರೋಕ್ ಎಂಜಿನ್ ಚೆನ್ನಾಗಿ ಗೊತ್ತಿತ್ತು, ಮೋಟಾರ್ ವೈಂಡಿಂಗ್ ಗೊತ್ತಿರಲಿಲ್ಲ. ಕುಶಾಲನಗರದಲ್ಲಿ ಒಬ್ಬ ಹಳೆ ಮೆಕ್ಯಾನಿಕ್ ಹತ್ತಿರ ಸಂಜೆ ಹೊತ್ತು ಕೂತು ಕಲಿತೆ. ನನಗಿಂತ ಹನ್ನೆರಡು ವರ್ಷ ಚಿಕ್ಕ ಹುಡುಗರ ಜತೆ ನೆಲದ ಮೇಲೆ ಕೂತೆ. ಮೊದಲ ವಾರ ಮುಜುಗರ ಆಯಿತು, ಆಮೇಲೆ ಹೋಯಿತು.

ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಇವಕ್ಕೆ ಮಾದರಿ ಆದದ್ದು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್. ಇವು 18ರಿಂದ 45 ವರ್ಷದವರಿಗೆ ಅಂತಲೇ ಶುರುವಾದವು. ಹಾಗಾಗಿ 44 ಆಗಿದ್ದರೆ ತಡ ಮಾಡದೆ ವಿಚಾರಿಸಿ. ತೋಟಗಾರಿಕೆ ಕಡೆ ಹೋಗುವವರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ, ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಪದವಿ ಬೇಕಾದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಇದೆ.

ಏಳನೇ ಹೆಜ್ಜೆ: ಬಂಡವಾಳ

ಸಣ್ಣದಾಗಿ ಶುರು ಮಾಡಿ. ಮುದ್ರಾ ಸಾಲದಲ್ಲಿ ಶಿಶು ಅಂದರೆ 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಇದಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. ನಾನು ತಗೊಂಡದ್ದು 1,50,000.

ಹೊಸ ಉದ್ಯಮ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ ಸಹಾಯಧನ ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25. ಮಹಿಳೆಯರು, ಹಿಂದುಳಿದ ವರ್ಗ, ಪರಿಶಿಷ್ಟರು, ಅಲ್ಪಸಂಖ್ಯಾತರು, ಮಾಜಿ ಸೈನಿಕರಿಗೆ ಶೇ. 35. ಆದರೆ ಹೊಸ ಘಟಕಕ್ಕೆ ಮಾತ್ರ. ಅಂಗಡಿ ತೆರೆದ ಮೇಲೆ ಅರ್ಜಿ ಹಾಕಿದರೆ ಆಗಲ್ಲ. ಹಾಗಾಗಿ ಬೋರ್ಡು ಹಾಕುವ ಮೊದಲೇ ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಕೇಳಿ.

ಜಮ್ಮಾ ಜಾಗ (ಕೊಡಗಿನಲ್ಲಿ ತಲೆಮಾರಿನಿಂದ ಕುಟುಂಬಕ್ಕೆ ಬಂದ ಜಮೀನು) ಇದೆ, ಅದರ ಮೇಲೆ ಸಾಲ ತೆಗೆಯೋಣ ಅಂತ ಲೆಕ್ಕ ಹಾಕಿದವರು ಮೊದಲು ಆರ್‌ಟಿಸಿ ತೆಗೆಸಿ ನೋಡಿ. ಕುಟುಂಬದ ಹಲವರ ಹೆಸರು ಇರುತ್ತದೆ. ಎಲ್ಲರನ್ನೂ ಒಪ್ಪಿಸಿ ಸಹಿ ಹಾಕಿಸಲು ವರ್ಷಗಳೇ ಹಿಡಿಯಬಹುದು. ಹೆಂಡತಿಯ ಚಿನ್ನವನ್ನು ನಾನು ಕೇಳಲಿಲ್ಲ. ನೀವೂ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಎಂಟನೇ ಹೆಜ್ಜೆ: ಬಿಡುವ ತಾರೀಖು

ತೋಟದ ಕೆಲಸದವರಿಗೆ ಮಾರ್ಚ್ ಕೊನೆ ಒಳ್ಳೆಯದು. ಕೊಯ್ಲು ಮುಗಿದು ಲೆಕ್ಕ ಒಪ್ಪಿಸಬಹುದು, ಮಳೆಗೆ ಮೊದಲು ಎರಡು ತಿಂಗಳು ಸಿಗುತ್ತದೆ. ಪ್ರವಾಸಿಗರನ್ನು ನಂಬಿದ ಕೆಲಸಕ್ಕೆ ಹೋಗುವವರು ಸೆಪ್ಟೆಂಬರ್‌ವರೆಗೆ ಸಂಬಳ ತಗೊಂಡು ಮಳೆಗಾಲ ದಾಟಿಸಿ. ಟೀಚರ್‌ಗಳು ವರ್ಷದ ಮಧ್ಯೆ ಬಿಡದೇ ಇದ್ದರೆ ಮಕ್ಕಳಿಗೂ ಒಳ್ಳೆಯದು.

ರಾಜೀನಾಮೆ ಬರೆದು ಕೊಡಿ, ಪಡೆದುಕೊಂಡ ಸಹಿ ಇರುವ ಪ್ರತಿ ಇಟ್ಟುಕೊಳ್ಳಿ. ಬಿಡುಗಡೆ ಪತ್ರ, ಅನುಭವ ಪತ್ರ ಕೇಳಿ ಪಡೆಯಿರಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯಾ ನೋಡಿ. ಇದಕ್ಕೂ ಹಿಂದೆ ಮೂರು ವರ್ಷ ದುಡಿದ ಒಂದು ಕಡೆ ಆ ದಿನಾಂಕವನ್ನೇ ಹಾಕಿರಲಿಲ್ಲ. ಸರಿಪಡಿಸಲು ಎಷ್ಟೋ ಸಲ ಅಲೆಯಬೇಕಾಯಿತು, ತುಂಬಾ ನೋವಾಯಿತು. ಗ್ರಾಚುಯಿಟಿಯನ್ನು 30 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ. ಕೇಳುವುದಕ್ಕೆ ಸಂಕೋಚ ಬೇಡ.

ಒಂಬತ್ತನೇ ಹೆಜ್ಜೆ: ಮರಳಿ ಹೋಗುವ ಗೆರೆ

ಹೊಸ ಕೆಲಸ ನಡೆಯದಿದ್ದರೆ ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಶುರು ಮಾಡುವ ಮೊದಲೇ ಬರೆದಿಡಿ. ಮುಳುಗುತ್ತಿರುವಾಗ ಸರಿಯಾಗಿ ಯೋಚನೆ ಮಾಡಲು ಆಗಲ್ಲ. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಮಾಡಿ. ಪ್ರತಿ ತಿಂಗಳು 5ಕ್ಕೆ ಅಂಗಡಿಯಿಂದ ಮನೆಗೆ 38,000 ಹಾಕಿ. ಆಗದ ತಿಂಗಳು ಮಳೆಗಾಲದ ದುಡ್ಡಿನಿಂದ ಎಷ್ಟು ತೆಗೆದಿರಿ ಅಂತ ಬರೆಯಿರಿ.

ನಾವು ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಹೀಗೆ ಬರೆದಿದ್ದೆವು: ಎರಡನೇ ಮಳೆಗಾಲ ಮುಗಿದ ಮೇಲೆ ಮಳೆಗಾಲದ ದುಡ್ಡಿನಲ್ಲಿ 50,000ಕ್ಕಿಂತ ಕಡಿಮೆ ಉಳಿದಿದ್ದರೆ ಮತ್ತೆ ರೈಟರ್ ಕೆಲಸಕ್ಕೆ ಹೋಗುವುದು. ಇಬ್ಬರೂ ಸಹಿ ಹಾಕಿದೆವು. ಹಳೆ ಸಾಹುಕಾರರ ಹತ್ತಿರವೂ, ಬೇರೆ ಎರಡು ತೋಟದವರ ಹತ್ತಿರವೂ ಮಾತು ಬಿಡದೆ ಇಟ್ಟುಕೊಂಡಿದ್ದೆ.

ಮೊದಲ ಮಳೆಗಾಲದಲ್ಲಿ 1,40,000 ಕರಗಿತು. ಮಾರ್ಚ್‌ನಲ್ಲಿ ಸಾಲ ವಸೂಲಾಗಿ 65,000 ವಾಪಸ್ ಹಾಕಿದೆವು. ಎರಡನೆಯದರಲ್ಲಿ 1,04,000 ಹೋಯಿತು. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಕಳೆದ ವಾರ ಹಾಳೆ ತೆರೆದು ನೋಡಿದಾಗ 71,000 ಇತ್ತು. ಮಗಳು ಪಿಯುಸಿಗೆ ಬಂದಿದ್ದಾಳೆ, ಮುಂದಿನ ಖರ್ಚು ಇದಕ್ಕಿಂತ ದೊಡ್ಡದು. ಹೆಂಡತಿ ಹಳೆ ಗೆರೆಯನ್ನು ಹೊಡೆದು ಹಾಕಿ, ಮೂರನೇ ಮಳೆಗಾಲಕ್ಕೆ 1,00,000 ಅಂತ ಬರೆದು ಪೆನ್ನನ್ನು ನನ್ನ ಕೈಗೆ ಕೊಟ್ಟಳು.